ಸೋಮಶಿಲದಿಂದ ಶ್ರೀಶೈಲಕ್ಕೆ: ಹೆಚ್ಚು ಹಣದ ಕುರ್ಚಿಯಲ್ಲಿ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವೆ ಸಿಕ್ಕಿಕೊಂಡಿರುವ ನಮ್ಮ ಸೀಮೆಗೆ ನಡಿಗಡ್ಡೆ ಎಂಬ ಹೆಸರಿರುವುದು ವಾಚಕರಲ್ಲಿ ಬಹುಮಂದಿಗೆ ತಿಳಿದೇ ಇದೆ. ಆಲಂಪುರಕ್ಕೆ ಸಮೀಪದ ಉಂಡವಳ್ಳಿ ಈ ನಡಿಗಡ್ಡೆಯದೇ ಊರು. 1956ಕ್ಕೆ ಮೊದಲು ಆಲಂಪುರ, ಗದ್ವಾಲ ತಾಲ್ಲೂಕುಗಳೆರಡೂ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಹಬೂಬನಗರದ ಪಾಲಾದವು. 2016ರಿಂದೀಚೆಗೆ ಜೋಗುಳಾಂಬ ಗದ್ವಾಲ ಜಿಲ್ಲೆಯೆನಿಸಿವೆ. ಕಾಗದದ ಮೇಲೆ ಜಿಲ್ಲೆಗಳು ಬದಲಾದರೂ ಹೊಳೆಗಳು ಮಾತ್ರ ಇದ್ದಲ್ಲಿಯೇ ಇವೆ ಎಂದು ಹೇಳಹೊರಟರೆ ಅದೂ ಪೂರ್ಣ ಸತ್ಯವಾಗಲಾರದು. 1980ರ ದಶಕದ ಆರಂಭದಲ್ಲಿ ಶ್ರೀಶೈಲದ ಅಣೆಕಟ್ಟು ತುಂಬಿ ನೀರು ಹಿಂದಕ್ಕೆ ಒತ್ತಿಬಂದಾಗ ಎರಡು ಹೊಳೆಗಳೂ ತಮ್ಮ ಹಳೆಯ ದಂಡೆಗಳನ್ನು ಬಿಟ್ಟು ಮೇಲೇರಿದವು. ಅವು ಕೂಡುವ ಸ್ಥಳವಾದ ಕೂಡವೆಲ್ಲಿ ಮುಳುಗಿತು. ಅಲ್ಲಿದ್ದ ಸಂಗಮೇಶ್ವರನ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮರಳಿ ಕಟ್ಟಿದರು. ದೇವರಿಗೆ ಮನೆ ಸಿಕ್ಕಿತು. ಊರು ನೀರೊಳಗೇ ಉಳಿಯಿತು.

ಆ ಕೂಡವೆಲ್ಲಿ ನಮ್ಮ ತಾಯಿಯವರ ತವರು.

ಅವರಿಗೆ ಈಗ ಎಪ್ಪತ್ತೊಂಬತ್ತು. ಪ್ರಾಯದಲ್ಲಿ ಮೂರು ಬಾರಿ ಯುಗಾದಿಗೆ ಕಂಬಿಯವರ ಹಿಂದೆ ನಡೆದು ಶ್ರೀಶೈಲಕ್ಕೆ ಹೋಗಿಬಂದವರು. ಆತ್ಮಕೂರಿನಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು, ಕೈಲಾಸದ್ವಾರ ಎಂದು ಅವರು ದಾರಿಯ ಹೆಸರುಗಳನ್ನು ಹೇಳತೊಡಗಿದರೆ ನಮ್ಮ ಶಾಲೆಯ ಮಕ್ಕಳು ಮಗ್ಗಿ ಹೇಳಿದಂತೆ ಕೇಳುತ್ತದೆ. ಈಗ ಮೊಣಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ಕಳೆದ ದೀಪಾವಳಿಯ ಸಂಜೆ ಅವರು ನಮ್ಮನ್ನು ಕರೆದು, "ತಮ್ಮಾ, ಮಲ್ಲಯ್ಯನ್ನ ಇನ್ನೊಮ್ಮೆ ನೋಡಬೇಕು. ಆದ್ರ ಮೋಟಾರದಾಗ ಬ್ಯಾಡ, ನೀರಿನ ಮ್ಯಾಲೆ ಹೋಗೂಣು. ನನ್ನ ತವರ ಮ್ಯಾಲಿನ ನೀರು ಎಲ್ಲೀತನ ಹೋಗ್ಯಾವ ನೋಡಬೇಕು" ಎಂದರು. ಮೂವತ್ತು ವರ್ಷಗಳ ಮಾಸ್ತರಿಕೆಯಲ್ಲಿ ಎಂತೆಂತಹ ಪ್ರಶ್ನೆಗಳಿಗೋ ಉತ್ತರ ಕೊಟ್ಟ ನಮಗೆ ಈ ಮಾತಿಗೆ ಉತ್ತರ ಹೊಳೆಯಲಿಲ್ಲ.

ಶ್ರೀಶೈಲಕ್ಕೆ ನಮ್ಮಲ್ಲಿಂದ ರೂಢಿಯ ಹಾದಿಯೆಂದರೆ ಕರ್ನೂಲು, ಆತ್ಮಕೂರು, ದೋರ್ನಾಲದ ಮೇಲಿನದು. ನಲ್ಲಮಲದ ತಿರುವುಗಳಲ್ಲಿ ತಲೆ ಸುತ್ತದವರು ವಿರಳ. ರಾತ್ರಿಯ ಹೊತ್ತು ಕಾಡಿನ ಬಾಗಿಲುಗಳನ್ನು ಮುಚ್ಚುವುದರಿಂದ ಹೊತ್ತನ್ನು ನೋಡಿಕೊಂಡೇ ಹೊರಡಬೇಕು. ನೀರಿನ ಹಾದಿ ಬೇರೆ. ಬೀಚುಪಲ್ಲಿಯ ಆಂಜನೇಯನಿಗೆ ಕೈಮುಗಿದು ಕೃಷ್ಣೆಯ ಸೇತುವೆ ದಾಟಿ, ಪೆಬ್ಬೇರಿನಲ್ಲಿ ಹೆದ್ದಾರಿ ಬಿಟ್ಟು ಕೊಲ್ಲಾಪುರಕ್ಕೆ ತಿರುಗಿದರೆ ಅಲ್ಲಿಂದ ಸೋಮಶಿಲ ಹತ್ತಿರ. ಸೋಮಶಿಲದ ಘಟ್ಟದಿಂದ ತೆಲಂಗಾಣ ಪ್ರವಾಸೋದ್ಯಮದವರ ಲಾಂಚು ಜಲಾಶಯದ ಮೇಲೆಯೇ ಶ್ರೀಶೈಲದವರೆಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಈ ಸೇವೆ ಮತ್ತೆ ಆರಂಭವಾದಾಗ ಪ್ರಕಟವಾದ ದರ ದೊಡ್ಡವರಿಗೆ ಒಂದು ಕಡೆಗೆ 2,000 ರೂಪಾಯಿ, ಹೋಗಿಬರಲು 3,000; ಮಕ್ಕಳಿಗೆ 1,600 ಮತ್ತು 2,400. ಊಟ, ಚಹ ಅದರಲ್ಲಿಯೇ ಸೇರಿವೆ. ಜಲಾಶಯದಲ್ಲಿ ನೀರು ಸಾಲದಾದಾಗ ಲಾಂಚು ಹೊರಡುವುದಿಲ್ಲ. ಆದ್ದರಿಂದ ಮಳೆಗಾಲದ ಪ್ರವಾಹ ಇಳಿದ ಮೇಲಿನಿಂದ ಛಳಿಗಾಲದವರೆಗಿನ ತಿಂಗಳುಗಳೇ ಇದಕ್ಕೆ ತಕ್ಕವು. ಯಾವ ದಿನ ಹೊರಡುತ್ತದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳದೆ ಘಟ್ಟಕ್ಕೆ ಹೋಗಿ ನಿಂತವರು ಹೊಳೆ ನೋಡಿ ಹಿಂದಿರುಗಬೇಕಾದೀತು.

ಕಾರ್ತಿಕದ ಜನಸಂದಣಿ ಕಳೆಯಲೆಂದು ಮಾರ್ಗಶಿರದಲ್ಲಿ ಹೊರಡುವುದೆಂದು ನಿಶ್ಚಯಿಸಿದೆವು. ಬೆಂಗಳೂರಿನಲ್ಲಿರುವ ಮಗಳು, ಅಳಿಯಂದಿರು, ನಾಲ್ಕು ವರ್ಷದ ಮೊಮ್ಮಗಳು ಬಂದು ಕೂಡಿಕೊಳ್ಳುವುದೆಂದಾಯಿತು. ಅಲ್ಲಿಂದ ನಮ್ಮ ಮನೆಯಲ್ಲಿ ಚರ್ಚೆ ಆರಂಭವಾಯಿತು.

ಅಳಿಯಂದಿರು ಕಳೆದ ವರ್ಷ ಸಿಂಗಪುರದಿಂದ ದೊಡ್ಡ ಹಡಗೊಂದರಲ್ಲಿ ಕುಟುಂಬದೊಡನೆ ವಿಹಾರ ಮಾಡಿ ಬಂದವರು. ಆ ಹಡಗುಗಳಲ್ಲಿ ಸಾಮಾನ್ಯ ಕೋಣೆಗಳ ಮೇಲೆ ಇನ್ನೊಂದು ದರ್ಜೆಯುಂಟಂತೆ. ಅದಕ್ಕೆ ಕಾನ್ಸಿಯೆರ್ಜ್ ಎಂದು ಹೆಸರು. ಆ ದರ್ಜೆಯವರು ಸಾಲಿನಲ್ಲಿ ನಿಲ್ಲದೆ ಮೊದಲೇ ಹಡಗು ಹತ್ತುತ್ತಾರೆ. ಅವರಿಗೇ ಮೀಸಲಾದ ಬೈಠಕ್ಕಿನಲ್ಲಿ ದಿನವಿಡೀ ತಿಂಡಿ, ಪಾನೀಯಗಳು ಇರುತ್ತವೆ. ಊಟದ ಮೇಜು, ದಡದ ಮೇಲಿನ ಪ್ರವಾಸ, ಮಕ್ಕಳ ಆಟದ ಏರ್ಪಾಡು ಮೊದಲಾದುವನ್ನು ಉಳಿದವರಿಗಿಂತ ಮುಂಚಿತವಾಗಿ ಕಾದಿರಿಸಿಕೊಡಲು ಒಬ್ಬ ಪರಿಚಾರಕನಿರುತ್ತಾನೆ. "ಎರಡನೆಯ ದಿನಕ್ಕೇ ಮಗುವಿನ ಹೆಸರು, ಅದಕ್ಕೆ ಯಾವ ಹಣ್ಣು ಇಷ್ಟ ಎಂಬುದು ಅವನಿಗೆ ಗೊತ್ತು, ಮಾವನವರೆ" ಎಂದು ಅಳಿಯಂದಿರು ಬಣ್ಣಿಸಿದರು. ಇಷ್ಟಕ್ಕೂ ಎಷ್ಟು ಹೆಚ್ಚು ಕೊಡಬೇಕೆಂದು ಕೇಳಿದೆವು. ಅವರು ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು ಒಲೆಯ ಮೇಲಿನ ಹಾಲನ್ನು ಮರೆತರು.

ಆದರೂ ಅಳಿಯಂದಿರು ಲೆಕ್ಕ ತಿಳಿದವರು. ಅಂತಹ ಕೋಣೆಗಳು ಹಡಗಿಗೆ ಬೆರಳೆಣಿಕೆಯಷ್ಟೇ ಇರುವುದರಿಂದ ಬೇಕೆನ್ನುವವರು ಬಹಳ ಮುಂಚೆ ಕಾದಿರಿಸಬೇಕು. ಇಲ್ಲವೆ ಹೊರಡುವ ಹೊತ್ತಿನಲ್ಲಿ ಮಾರಾಟವಾಗದೆ ಉಳಿದುದಿದೆಯೇ ಎಂದು ಬಂದರಿನಲ್ಲಿಯೇ ಕೇಳಬೇಕು. ಕೆಲವೊಮ್ಮೆ ಕಡಿಮೆ ಬೆಲೆಗೆ ಸಿಗುವುದುಂಟು. ಹಡಗು ದಿನವೂ ಒಂದೊಂದು ಊರಿನಲ್ಲಿ ನಿಲ್ಲುವುದಾದರೆ ಹಗಲೆಲ್ಲ ಜನ ದಡದ ಮೇಲೆಯೇ ಇರುತ್ತಾರೆ, ಆಗ ಹೆಚ್ಚಿಗೆ ಕೊಟ್ಟ ಹಣ ಖಾಲಿ ಕೋಣೆಗೆ ಕೊಟ್ಟಂತೆ. ನಡುಕಡಲಿನಲ್ಲಿ ಹೆಚ್ಚು ದಿನ ಕಳೆಯುವ ಪ್ರಯಾಣದಲ್ಲಿ ಮಾತ್ರ ಅದು ಕೈಗೂಡುತ್ತದೆ. ಪರಿಚಾರಕರಿಗೆ ಕೊಡುವ ಇನಾಮು ಬೇರೆ; ಅದನ್ನು ಲೆಕ್ಕದಲ್ಲಿ ಹಿಡಿಯದವರು ಕೊನೆಯ ದಿನ ಮುಖ ಸಣ್ಣದು ಮಾಡಿಕೊಳ್ಳಬೇಕಾಗುತ್ತದೆ. ಈ ಮಾತುಗಳೆಲ್ಲ ನಮಗೆ ಸರಿಯೆಂದೇ ತೋರಿದವು. ವಿದೇಶಗಳಲ್ಲಿ ಮಕ್ಕಳಿರುವ ವಾಚಕರಿಗೆ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆದಿದ್ದೇವೆ.

ಕಾನ್ಸಿಯೆರ್ಜ್ ಎಂಬುದು ಫ್ರೆಂಚ್ ಶಬ್ದ. ಅದರ ಮೂಲ ಅರ್ಥ ಬಾಗಿಲು ಕಾಯುವವನು. ಆಲಂಪುರದ ಚಾಲುಕ್ಯರ ಗುಡಿಗಳನ್ನು ನೋಡುತ್ತ ಬೆಳೆದವರಾದುದರಿಂದ ದ್ವಾರಪಾಲಕ ಎಂಬ ಮಾತು ಕೂಡಲೇ ನಮ್ಮ ನೆನಪಿಗೆ ಬಂದಿತು. ದ್ವಾರಪಾಲಕನು ಒಳಗೆ ಬಿಡುವವನೋ ತಡೆಯುವವನೋ ಎಂಬುದು ಹೊರಗೆ ನಿಂತವನು ಯಾರೆಂಬುದರ ಮೇಲೆ ಹೋಗುತ್ತದೆ.

ನಮ್ಮ ಲಾಂಚಿಗೂ ಹೀಗೊಂದು ಏರ್ಪಾಡು ಮಾಡಿಸೋಣವೆಂದು ಅಳಿಯಂದಿರು ದೂರದ ಪಟ್ಟಣದ ಒಬ್ಬ ಏಜೆಂಟನನ್ನು ಹಿಡಿದರು. ಟಿಕೇಟಿನ ಹಣದ ಮೇಲೆ ನಾಲ್ಕೂವರೆ ಸಾವಿರ ಕೊಟ್ಟರೆ ಘಟ್ಟದಲ್ಲಿ ಒಬ್ಬ ಹುಡುಗ ಕಾದಿದ್ದು ಸಾಮಾನು ಎತ್ತಿಸುವುದು, ತಾಯಿಯವರಿಗೆ ಗಾಲಿಕುರ್ಚಿ, ಎಲ್ಲರಿಗಿಂತ ಮೊದಲು ಹತ್ತುವುದು, ಕಿಟಕಿಯ ಬದಿಯ ಮುಂದಿನ ಸಾಲು, ಬೇರೆಯಾಗಿ ಬಡಿಸಿದ ಊಟ, ಶ್ರೀಶೈಲದಲ್ಲಿ ಇಳಿದೊಡನೆ ವಾಹನ. "ಬೇಡ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿದೆವು.

ಪಂಕ್ತಿಭೇದ ನಮಗೆ ಎಂದೂ ಒಗ್ಗಿದ್ದಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮುಖ್ಯೋಪಾಧ್ಯಾಯರಿಗೆಂದು ಬೇರೆ ಮಣೆ ಹಾಕಿದ ದಿನವೇ ಅದನ್ನು ತೆಗೆಸಿದವರು ನಾವು. ರೈಲಿನಲ್ಲಿ ಮೂರನೆಯ ದರ್ಜೆಯನ್ನು 1974ರಲ್ಲಿ ತೆಗೆದುಹಾಕಿದ ಸುದ್ದಿಯನ್ನು ನಮ್ಮ ತಂದೆಯವರು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದರು. ಇಂತಹ ಮಾತುಗಳನ್ನೆಲ್ಲ ಅಳಿಯಂದಿರ ಮುಂದೆ ಹೇಳಿ ಮುಗಿಸಿ ನಾವು ಗೆದ್ದೆವೆಂದುಕೊಂಡಾಗ ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮಾವನೋರನ್ನ ಸಾಲಿನ್ಯಾಗ ನಿಂದ್ರಿಸಿದ್ದು ಮರತೀರೇನು?" ಎಂದರು. ಅಷ್ಟೇ ಮಾತು.

ಮರೆತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ತಂದೆಯವರನ್ನು ದೊಡ್ಡದೊಂದು ಕ್ಷೇತ್ರಕ್ಕೆ ಕರೆದೊಯ್ದಿದ್ದೆವು. ಹಣದ ದರ್ಶನದ ಚೀಟಿ ಕೊಳ್ಳೋಣವೆಂದು ಜೊತೆಯಲ್ಲಿದ್ದವರು ಎಷ್ಟು ಹೇಳಿದರೂ ದೇವರ ಮುಂದೆ ದುಡ್ಡಿನ ಸಾಲು ಬೇಡವೆಂದು ನಾವು ಹಟ ಹಿಡಿದು ಧರ್ಮದರ್ಶನದ ಸಾಲಿನಲ್ಲಿ ನಿಂತೆವು. ತಂದೆಯವರು ಒಮ್ಮೆಯೂ ಬೇಡವೆನ್ನಲಿಲ್ಲ. ಮಗ ಮಾಸ್ತರ, ಅವನ ಮಾತಿಗೆ ಎದುರಾಡಬಾರದೆಂದು ಅವರ ನಂಬಿಕೆ. ಐದು ತಾಸಿನ ಮೇಲೆ ಸಾಲಿನಲ್ಲಿಯೇ ಕುಸಿದರು. ಅವರನ್ನು ಹೊರಗೆ ತಂದು ನೀರು ಕುಡಿಸಿ, ಗಾಳಿ ಹಾಕಿ, ಸಂಜೆಯ ಬಸ್ಸಿಗೆ ಊರಿಗೆ ಕರೆತಂದೆವು. ದರ್ಶನವಾಗಲಿಲ್ಲ. ಮುಂದಿನ ಶ್ರಾವಣ ಅವರು ಕಾಣಲಿಲ್ಲ. ಸಮತೆಯ ತತ್ತ್ವ ನಮ್ಮದಾಗಿತ್ತು, ಅದರ ಬೆಲೆ ಕೊಟ್ಟವರು ಅವರು.

ಅಳಿಯಂದಿರಿಗೆ ಆ ರಾತ್ರಿಯೇ, "ನಿಮ್ಮ ಇಷ್ಟದಂತೆ ಆಗಲಿ" ಎಂದು ಹೇಳಿದೆವು.

ಹೊರಟ ದಿನ ಸೋಮಶಿಲದ ಘಟ್ಟದಲ್ಲಿ ಮಂಜು ಇನ್ನೂ ನೀರಿನ ಮೇಲೆಯೇ ಇತ್ತು. ಹುಡುಗನೂ ಇರಲಿಲ್ಲ, ಗಾಲಿಕುರ್ಚಿಯೂ ಇರಲಿಲ್ಲ. ಏಜೆಂಟನ ಫೋನು ಒಮ್ಮೆ ಎತ್ತಿತು, ಬಂದೇಬಿಟ್ಟ ಎಂದಿತು, ಆಮೇಲೆ ಎತ್ತಲಿಲ್ಲ. ಅಳಿಯಂದಿರ ಮುಖ ಕೆಂಪಾಯಿತು. ಅವರನ್ನು ಹಂಗಿಸುವ ಸಂದರ್ಭ ನಮಗೆ ಒದಗಿತ್ತಾದರೂ ಬಾಯಿ ಬಿಡಲಿಲ್ಲ. ದುಡ್ಡು ಹೋದುದಕ್ಕಿಂತ ಅಜ್ಜಿಯ ಮುಂದೆ ಮಾತು ಹೋಯಿತೆಂಬ ವ್ಯಥೆ ಅವರಲ್ಲಿ ಕಾಣುತ್ತಿತ್ತು. ಘಟ್ಟದ ಮೆಟ್ಟಿಲುಗಳನ್ನು ತಾಯಿಯವರು ಹೇಗೆ ಇಳಿದಾರೆಂದು ನಾವು ನೋಡುತ್ತ ನಿಂತಿರಲು ಲಾಂಚಿನ ಕೆಲಸಗಾರನೊಬ್ಬ ತಾನಾಗಿ ಬಂದು, ಎರಡು ಪ್ಲಾಸ್ಟಿಕ್ ಕುರ್ಚಿ ತಂದ. ಒಂದರಲ್ಲಿ ತಾಯಿಯವರನ್ನು ಕೂಡಿಸಿ ತಾನೂ ಇನ್ನೊಬ್ಬನೂ ಎರಡು ಕಡೆ ಹಿಡಿದು ಇಳಿಸಿದರು. ಇನ್ನೊಂದು ಕುರ್ಚಿ ಯಾರಿಗೆಂದು ನೋಡಿದರೆ ನಮ್ಮ ಹಿಂದೆ ಇನ್ನೊಬ್ಬ ಮುದುಕಿ ಕೋಲೂರಿ ನಿಂತಿದ್ದಳು. ಮಕ್ತಲ ಕಡೆಯವರು, ಕನ್ನಡದ ಮಂದಿ. ಮಗ, ಸೊಸೆ, ಎರಡು ಮಕ್ಕಳು. ಅವರು ಹೆಚ್ಚಿನ ಹಣವನ್ನೇನೂ ಕೊಟ್ಟಿರಲಿಲ್ಲ.

ಲಾಂಚಿನ ಒಳಗಡೆ ಗಾಜಿನ ಕಿಟಕಿಗಳ ಹವಾನಿಯಂತ್ರಿತ ಕೋಣೆ. ಮೇಲೆ ಬಯಲು ಅಟ್ಟ. ಮುಂದಿನ ಸಾಲಿನಲ್ಲಿ ನಮ್ಮ ಹೆಸರಿನ ಚೀಟಿ ಅಂಟಿಸಿದ್ದ ಆರು ಕುರ್ಚಿಗಳು ನಿಜವಾಗಿಯೂ ಇದ್ದವು. ಏಜೆಂಟನು ಮಾಡಿದ ಒಂದೇ ಕೆಲಸವದು. ತಾಯಿಯವರನ್ನು ಕಿಟಕಿಯ ಬದಿ ಕೂಡಿಸಿದೆವು. ಸ್ವಲ್ಪ ಹೊತ್ತಿಗೆ ಅವರು ಹಿಂದೆ ತಿರುಗಿ ನೋಡತೊಡಗಿದರು. ಮಕ್ತಲದ ಮುದುಕಿ ಎಂಜಿನ್ ಬದಿಯ ಹಿಂದಿನ ಸಾಲಿನಲ್ಲಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. "ಆ ತಂಗೀನ್ನ ಇಲ್ಲಿ ಕರಕೊಂಡ ಬಾ" ಎಂದರು ತಾಯಿಯವರು. ಅದು ನಮ್ಮ ಅಳಿಯಂದಿರು ಹಣ ಕೊಟ್ಟ ಸಾಲು ಎಂದು ಹೇಳಲು ನಮ್ಮ ನಾಲಗೆ ಹೊರಳಲಿಲ್ಲ. ಹಾಗೆ ಹೇಳುವ ಹಕ್ಕಿದ್ದ ಅಳಿಯಂದಿರೇ ಎದ್ದು ಹೋಗಿ ಆಕೆಯ ಕೈಹಿಡಿದು ಕರೆತಂದು ತಮ್ಮ ಕುರ್ಚಿಯಲ್ಲಿ ಕೂಡಿಸಿ, ತಾವು ಅಟ್ಟದ ಮೇಲೆ ಹೋಗಿಬಿಟ್ಟರು. ನಮಗೆ ಆಗ ಅನಿಸಿದ್ದನ್ನು ಮುಚ್ಚಿಡದೆ ಹೇಳುವುದಾದರೆ ಸ್ವಲ್ಪ ನಾಚಿಕೆಯೇ. ಸಮತೆಯ ವಿಷಯದಲ್ಲಿ ವಾರವಿಡೀ ಉಪನ್ಯಾಸ ಮಾಡಿದವರು ಕಿಟಕಿಯ ಬದಿ ಬಿಟ್ಟು ಏಳಲಿಲ್ಲ.

ಹಳೆಯ ಹರಿಗೋಲುಗಳ ಪದ್ಧತಿ ನೆನಪಾಗುತ್ತದೆ. ನಾವು ಹುಡುಗರಾಗಿದ್ದಾಗ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದೆವು. ನಮ್ಮ ತೆಲುಗು ನೆರೆಯವರು ಅದಕ್ಕೆ ಪುಟ್ಟಿ ಎನ್ನುತ್ತಾರೆ. ಬಿದಿರಿನ ಆ ದುಂಡನೆಯ ಬುಟ್ಟಿಯಲ್ಲಿ ಯಾರು ಎಲ್ಲಿ ಕೂಡಬೇಕೆಂಬುದನ್ನು ಗೌಡರೂ ಹೇಳುವಂತಿರಲಿಲ್ಲ, ಶಾನುಭೋಗರೂ ಹೇಳುವಂತಿರಲಿಲ್ಲ, ಅಂಬಿಗನೇ ಹೇಳುತ್ತಿದ್ದ. ತೂಕದವರು ಇಲ್ಲಿ, ಮಕ್ಕಳು ಅಲ್ಲಿ, ಆಡಿನ ಮರಿ ಹಿಡಿದವರು ನಡುವೆ. ದರ್ಜೆಯೆಂಬುದಿದ್ದರೆ ಅದು ತೂಕದ ದರ್ಜೆ. ಅಂಬಿಗನ ಮಾತು ಮೀರಿ ಎದ್ದು ನಿಂತ ದೊಡ್ಡಮನುಷ್ಯರೊಬ್ಬರನ್ನು ಅವನು ಗದರಿಸಿ ಕೂಡಿಸಿದ್ದನ್ನು ಕಂಡ ದಿನ ನಮಗೆ ಅಂಬಿಗನಾಗಬೇಕೆಂಬ ಆಸೆ ಹುಟ್ಟಿತ್ತು. ಕಡೆಗೆ ಮಾಸ್ತರರಾದೆವು, ಕೆಲಸದಲ್ಲಿ ಬಹಳ ಭೇದವಿಲ್ಲ.

ಲಾಂಚು ಹೊರಟಿತು. ಸೋಮಶಿಲದ ಗುಡಿಗಳು ಹಿಂದಾದವು. ಅವೂ ನೀರಿಗೆ ಹೆದರಿ ಮೇಲೆ ಬಂದ ಗುಡಿಗಳೇ. ಎದುರು ದಂಡೆ ಆಂಧ್ರದ್ದು. ಆ ಕಡೆಗೆ ಇನ್ನೊಂದು ಸಂಗಮೇಶ್ವರವುಂಟು. ವರ್ಷದ ಹೆಚ್ಚಿನ ಭಾಗ ಅಲ್ಲಿಯ ಗುಡಿ ನೀರೊಳಗಿರುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಹೊರಗೆ ಬರುತ್ತದೆ. ಅಲ್ಲಿಯ ಲಿಂಗ ಮರದ್ದು. ಈ ಎರಡು ದಂಡೆಗಳ ಜನ ಸಂತೆಗೆ, ಜಾತ್ರೆಗೆ, ಬೀಗತನಕ್ಕೆ ದೋಣಿಯಲ್ಲಿಯೇ ಓಡಾಡುವವರು. ಸೋಮಶಿಲದಲ್ಲಿ ಸೇತುವೆಯೊಂದಕ್ಕೆ ಕೇಂದ್ರ ಸರಕಾರ 2022ರಲ್ಲಿ ಮಂಜೂರಾತಿ ಕೊಟ್ಟಿದೆ.

ಇಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. 2007ರ ಜನವರಿಯಲ್ಲಿ ಇದೇ ಹಿನ್ನೀರಿನಲ್ಲಿ ಜಾತ್ರೆಗೆ ಹೋಗಿಬರುತ್ತಿದ್ದವರ ದೋಣಿ ಮುಳುಗಿ ಅರವತ್ತರಷ್ಟು ಜನ ತೀರಿಕೊಂಡರು. 2019ರ ಸೆಪ್ಟೆಂಬರಿನಲ್ಲಿ ಗೋದಾವರಿಯ ಪಾಪಿಕೊಂಡಲ ವಿಹಾರಕ್ಕೆ ಹೋದ ಲಾಂಚು ಕಚ್ಚುಲೂರಿನ ಬಳಿ ಪ್ರವಾಹದಲ್ಲಿ ಮಗುಚಿ ಸುಮಾರು ಐವತ್ತು ಜನ ಹೋದರು. ಹತ್ತಿದೊಡನೆ ತೇಲುಕವಚ ಕೇಳಿ ಹಾಕಿಕೊಳ್ಳುವುದು, ಮಕ್ಕಳ ಅಳತೆಯದು ಇದೆಯೇ ಎಂದು ನೋಡುವುದು, ಇವೆರಡಕ್ಕೆ ಯಾವ ಏಜೆಂಟನ ಹಂಗೂ ಬೇಡ, ಹೆಚ್ಚಿನ ಒಂದು ಬಿಡಿಗಾಸೂ ಬೇಡ. ಮುಂದಿನ ಸಾಲಿನ ಕುರ್ಚಿಯವರು ಸೆಕೆಯಾಗುತ್ತದೆಂದು ಕವಚ ಬಿಚ್ಚಿಟ್ಟುದನ್ನೂ ಕಂಡೆವು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಮೊದಲ ದರ್ಜೆಯವರಲ್ಲಿ ನೂರಕ್ಕೆ ಅರವತ್ತರಷ್ಟು ಜನ ಬದುಕಿದರು, ಮೂರನೆಯ ದರ್ಜೆಯವರಲ್ಲಿ ಕಾಲುಭಾಗ. ಮೇಲಿನ ದರ್ಜೆಯವರಲ್ಲಿಯೂ ನೂರಕ್ಕೆ ನಲವತ್ತರಷ್ಟು ಜನ ನೀರುಪಾಲಾದರೆಂಬುದನ್ನು ಮಕ್ಕಳಿಗೆ ಹೇಳಲು ನಾವು ಮರೆಯುವುದಿಲ್ಲ. ಮೊಮ್ಮಗಳಿಗೆ ತೊಡಿಸಿದ ಕವಚ ಮೊಣಕಾಲಿನವರೆಗೆ ಬಂದಿತು. ಲಾಂಚಿನವರನ್ನು ಕೇಳಿ ಸಣ್ಣದನ್ನು ತರಿಸಿಕೊಂಡೆವು.

ಮಂಜು ಕರಗಿದ ಮೇಲೆ ನೀರು ಹಸಿರಾಯಿತು. ಎರಡೂ ಕಡೆ ನಲ್ಲಮಲದ ಗುಡ್ಡಗಳು ಹತ್ತಿರ ಬಂದು ಹೊಳೆಯನ್ನು ಇಕ್ಕಟ್ಟು ಮಾಡಿದವು. ಕೆಲವು ಕಡೆ ಬಂಡೆಯ ಗೋಡೆ ನೀರಿನಿಂದ ನೇರ ಎದ್ದು ನಿಂತಿತ್ತು. ಮತ್ತೆ ಅಗಲವಾಯಿತು. ನಡುವೆ ಬೆಸ್ತರ ಬಲೆಗಳ ಬೆಂಡುಗಳು, ಒಂದೊಂದು ಪುಟ್ಟಿ, ಅದರಲ್ಲಿ ಗಂಡ ಹೆಂಡತಿ ಇಬ್ಬರೇ. ಅವರ ಅಡಿಗೆಯ ಹೊಗೆ ದಡದಲ್ಲಿ ಏಳುತ್ತಿತ್ತು. ಗಾಜಿನ ಒಳಗಿನಿಂದ ಇದೆಲ್ಲ ಚಿತ್ರದಂತೆ ಕಾಣುತ್ತದೆ. ಆದರೆ ವಾಸನೆಯಿಲ್ಲ, ಗಾಳಿಯಿಲ್ಲ. ಅಟ್ಟದ ಮೇಲಿನ ಬೆಂಚಿನಲ್ಲಿ ಕುಳಿತವರಿಗೆ ಅವು ಧಾರಾಳ. ಹತ್ತು ಗಂಟೆಯ ವರೆಗೆ ಅಟ್ಟ, ಬಿಸಿಲೇರಿದ ಮೇಲೆ ಒಳಗೆ, ಮೂರರ ನಂತರ ಮತ್ತೆ ಅಟ್ಟ ಎಂದು ಹಂಚಿಕೊಳ್ಳುವುದೇ ಉತ್ತಮ. ಕಾಯಂ ಒಳಗಿನ ಕುರ್ಚಿ ಬೇಕಾದವರು ಮುದುಕರು, ಹಸುಗೂಸಿನ ತಾಯಂದಿರು ಮಾತ್ರ. ಅವರಿಗೂ ಮುಂದಿನ ಸಾಲಿಗಿಂತ ಶೌಚದ ಬಾಗಿಲಿಗೆ ಸಮೀಪದ ಸಾಲು ಹಿತವೆಂಬುದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ತೂಗುವ ಲಾಂಚಿನಲ್ಲಿ ತಾಯಿಯವರನ್ನು ಮುಂದಿನಿಂದ ಹಿಂದಕ್ಕೆ ಕರೆದೊಯ್ಯುವಾಗ ಮೂರು ಜನ ಹಿಡಿಯಬೇಕಾಯಿತು.

ಇಬ್ಬರು ಮುದುಕಿಯರೂ ಮಾತಿಗೆ ಇಳಿದಿದ್ದರು. ಮಕ್ತಲದಾಕೆಯ ಹಿರಿಯರ ಊರು ಕೃಷ್ಣೆಯ ದಂಡೆಯ ಮೇಲಿನದು. ಕುರುವಪುರದ ಶ್ರೀಪಾದರ ದರ್ಶನಕ್ಕೆ ಹರಿಗೋಲು ಹತ್ತಿಯೇ ಹೋಗುತ್ತಿದ್ದವಳು. "ನಿಮ್ಮ ಊರು ನೀರಾಗ ಹೋತಂತಲ್ಲ, ಯಕ್ಕಾ, ರೊಕ್ಕ ಕೊಟ್ಟರೇನು?" ಎಂದು ಆಕೆ ಕೇಳಿದಳು. "ಕೊಟ್ಟಾರು. ನಮ್ಮಣ್ಣ ತೊಗೊಂಡ. ಹುಣಸಿ ಗಿಡಕ್ಕ ಬ್ಯಾರೆ ಕೊಟ್ಟರು, ಬಾವಿಗೆ ಬ್ಯಾರೆ ಕೊಟ್ಟರು" ಎಂದು ತಾಯಿಯವರು ಹೇಳಿದರು. ಎಷ್ಟೆಂದು ಹೇಳಲಿಲ್ಲ. ಆಮೇಲೆ ಬಹಳ ಹೊತ್ತು ಕಿಟಕಿಯಿಂದ ನೀರನ್ನೇ ನೋಡುತ್ತಿದ್ದರು. ಮೊಮ್ಮಗಳು ಹೋಗಿ, "ಮುತ್ತಜ್ಜಿ, ಏನು ಕಾಣ್ತದ?" ಎಂದು ಕೇಳಿದಾಗ, "ಏನೂ ಕಾಣಂಗಿಲ್ಲವ್ವ, ಆಳ ಅದ" ಎಂದರು.

ಕೂಡವೆಲ್ಲಿ ಸೋಮಶಿಲಕ್ಕಿಂತ ಮೇಲೆ, ನಾವು ಬಂದ ಕಡೆಗಿದೆ. ಲಾಂಚು ಅದರ ಮೇಲೆ ಹಾದುಹೋಗುವುದಿಲ್ಲ. ಇದನ್ನು ಅವರಿಗೆ ನಕಾಶೆ ತೆಗೆದು ತಿಳಿಸಬೇಕೆಂದು ನಮ್ಮ ಮಾಸ್ತರತನ ಎದ್ದಿತು. ನಮ್ಮ ಮನೆಯವರು ಕಣ್ಣಿನಲ್ಲಿಯೇ ತಡೆದರು.

ಬೇರೆಯಾಗಿ ಬಡಿಸುವ ಊಟವೆಂದು ಏಜೆಂಟನು ಹೇಳಿದ್ದು ಎಲ್ಲರಿಗೂ ಬಡಿಸಿದ ಊಟವೇ. ನಮಗೆ ಒಂದೊಂದು ಹೋಳಿಗೆ ಹೆಚ್ಚು. ಎರಡು ನೂರು ಗ್ರಾಮಿನ ಹೋಳಿಗೆಗೆ ಎಷ್ಟು ಬಿತ್ತೆಂದು ಅಳಿಯಂದಿರೇ ಲೆಕ್ಕ ಹಾಕಿ ನಕ್ಕುದರಿಂದ ಎಲ್ಲರೂ ನಗುವಂತಾಯಿತು. ಅನ್ನ, ಸಾರು ಬಿಸಿಯಾಗಿದ್ದವು. ಖಾರ ನಮ್ಮ ಸೀಮೆಯದೇ. ಬೆಂಗಳೂರಿನ ಮಗುವಿಗೆಂದು ಮಗಳು ಮೊಸರನ್ನ ತಂದಿದ್ದು ಜಾಣತನವಾಯಿತು.

ಮಧ್ಯಾಹ್ನ ಇಳಿದ ಮೇಲೆ ಲಾಂಚಿನವರು ದಡದ ಬಂಡೆಗಳ ಕಡೆ ಕೈಮಾಡಿ ಅಕ್ಕಮಹಾದೇವಿಯ ಗುಹೆಗಳ ದಿಕ್ಕನ್ನು ತೋರಿಸಿದರು. ಶ್ರೀಶೈಲದ ಪಾತಾಳಗಂಗೆಯಿಂದ ಸಣ್ಣ ದೋಣಿಯಲ್ಲಿ ಬಂದು, ಸ್ವಲ್ಪ ಏರಿ ನೋಡುವ ಸ್ಥಳವದು. ಕಿರಿದಾದ ಬಂಡೆಯ ಸಂದಿನಲ್ಲಿ ನುಸುಳಿ ಹೋಗಬೇಕು. ಉಡುತಡಿಯ ಹೆಣ್ಣುಮಗಳು ಹನ್ನೆರಡನೆಯ ಶತಮಾನದಲ್ಲಿ ಅರಮನೆಯನ್ನು ಬಿಟ್ಟು, ಕಲ್ಯಾಣವನ್ನು ಹಾದು, ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತ ಈ ಕದಳಿಯ ಕಾಡಿಗೆ ಬಂದಳು. ಲಾಂಚಿನಲ್ಲಿದ್ದ ಕನ್ನಡದವರೆಲ್ಲ, ನಾವೂ ಮಕ್ತಲದವರೂ ಕಲಬುರ್ಗಿ ಕಡೆಯ ನಾಲ್ಕು ಮನೆಯವರೂ, ಹೇಳಿಕೊಳ್ಳದೆಯೇ ಎದ್ದು ಆ ಬದಿಗೆ ನಿಂತೆವು. ಚಾಲಕನು ಗಂಟೆ ಬಾರಿಸಿ, ಒಂದೇ ಬದಿಗೆ ಎಲ್ಲರೂ ನಿಲ್ಲಬಾರದೆಂದು ಕೂಗಿದ. ಅಂಬಿಗನ ಮಾತು, ಕುಳಿತೆವು.

ಸಂಜೆಗೆ ಪಾತಾಳಗಂಗೆ. ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಇಲ್ಲಿಯೇ. ಲಾಂಚಿನೊಳಗೆ ಎಂತಹ ಕುರ್ಚಿ ಕೊಂಡರೂ ಅಲ್ಲಿ ಕಷ್ಟವೆಂಬುದು ಹೆಚ್ಚಿಲ್ಲ. ಕಷ್ಟವಿರುವುದು ಹತ್ತುವಲ್ಲಿ ಮತ್ತು ಇಳಿಯುವಲ್ಲಿ. ಹೊಳೆಯ ಮಟ್ಟದಿಂದ ಊರಿಗೆ ನೂರಾರು ಮೆಟ್ಟಿಲುಗಳು. ಮೇಲಕ್ಕೆ ಒಯ್ಯುವ ಹಗ್ಗದ ತೊಟ್ಟಿಲು, ಅಂದರೆ ರೋಪ್‌ವೇ, ಇದೆ. ಅದು ಎಷ್ಟು ಹೊತ್ತಿನವರೆಗೆ ಓಡುತ್ತದೆ, ಆ ದಿನ ಓಡುತ್ತಿದೆಯೇ ಎಂಬುದನ್ನು ಹಿಂದಿನ ದಿನವೇ ಕೇಳಿಕೊಂಡಿರಬೇಕು. ಮುದುಕರಿರುವ ಮನೆಯವರಿಗೆ ಹೆಚ್ಚಿನ ಹಣ ಖರ್ಚು ಮಾಡುವ ಮನಸ್ಸಿದ್ದರೆ ಈ ಎರಡು ದಡಗಳ ಮೇಲೆ ಮಾಡಲಿ: ಎತ್ತಿ ಇಳಿಸುವ ಇಬ್ಬರು ಆಳುಗಳು, ಮೇಲೆ ಕಾದಿರುವ ಒಂದು ವಾಹನ, ಗುಡಿಗೆ ಸಮೀಪದಲ್ಲಿ ನೆಲಮಹಡಿಯ ಒಂದು ಕೋಣೆ. ನಡುವಣ ಏಜೆಂಟನಿಗೆ ಕೊಡುವ ಬದಲು ಕೆಲಸ ಮಾಡುವವನ ಕೈಗೇ ಕೊಟ್ಟರೆ ಕಡಿಮೆಯಲ್ಲಿಯೂ ಆಗುತ್ತದೆ. ಸೋಮಶಿಲದಲ್ಲಿ ಕುರ್ಚಿ ಹಿಡಿದಿದ್ದ ಆ ಕೆಲಸಗಾರನೇ ಇಲ್ಲಿಯೂ ಹಿಡಿದು ತೊಟ್ಟಿಲಿನವರೆಗೆ ತಂದ. ಅಳಿಯಂದಿರು ಐನೂರು ರೂಪಾಯಿ ಕೊಡಹೋದರು; ಅವನು ಇನ್ನೂರು ಇಟ್ಟುಕೊಂಡು, ಮಕ್ತಲದ ಅಜ್ಜಿಯನ್ನು ಕರೆತರಲು ಕೆಳಗೆ ಓಡಿದ.

ಶ್ರೀಶೈಲದ ಗುಡಿಯಲ್ಲಿಯೂ ಸಾಲುಗಳು ನಾಲ್ಕು. ಹಣವಿಲ್ಲದ ಸಾಲು, ನೂರೈವತ್ತರ ಶೀಘ್ರದರ್ಶನ, ಮುನ್ನೂರರ ಅತಿಶೀಘ್ರ, ಐನೂರರ ಸ್ಪರ್ಶದರ್ಶನ. ಸ್ಪರ್ಶದರ್ಶನಕ್ಕೆ ಗಂಡಸರಿಗೆ ಧೋತರ, ಹೆಂಗಸರಿಗೆ ಸೀರೆ ಮೊದಲಾದ ಸಾಂಪ್ರದಾಯಿಕ ಉಡುಗೆ ಬೇಕು. ಹಬ್ಬದ ಜನಸಂದಣಿಯಲ್ಲಿ ಅದನ್ನು ನಿಲ್ಲಿಸುವುದೂ ಉಂಟು. ಚೀಟಿಗಳನ್ನು ಮುಂಗಡವಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಬಾಗಿ ಲಿಂಗ ಮುಟ್ಟಲಾರದ ಮೊಣಕಾಲಿನವರಿಗೆ ಸ್ಪರ್ಶದ ಚೀಟಿ ಕೊಂಡರೆ ಅವರ ಕಣ್ಣೀರನ್ನು ನೋಡಬೇಕ�ಾಗುತ್ತದೆ ಎಂದು ಒಬ್ಬ ಅರ್ಚಕರು ನಮಗೆ ಹೇಳಿದರು. ಆದರೂ ತಾಯಿಯವರಿಗೆ ಐನೂರರ ಚೀಟಿಯನ್ನೇ ತೆಗೆದೆವು. ಸಾಲಿನ ಕಿಟಕಿಯಲ್ಲಿ ಹಣ ಕೊಟ್ಟವರು ನಾವೇ, ಅಳಿಯಂದಿರಲ್ಲ. ನೋಟುಗಳನ್ನು ಎಣಿಸುವಾಗ ತಂದೆಯವರ ಪಂಚೆಯ ಅಂಚು, ಕುಸಿದ ಹೊತ್ತಿಗೆ ನೆಲಕ್ಕೆ ಹರಡಿದ್ದುದು, ಕಣ್ಣಿಗೆ ಕಟ್ಟಿತು. ಇಬ್ಬರು ಹಿಡಿದು ಬಾಗಿಸಿದಾಗ ತಾಯಿಯವರ ಬೆರಳ ತುದಿ ಮಲ್ಲಯ್ಯನಿಗೆ ತಾಗಿತು. ಹೊರಗೆ ಬಂದ ಮೇಲೆ, "ನಿಮ್ಮಪ್ಪನ ಪಾಲಿನದೂ ಮುಟ್ಟಿದೆ" ಎಂದರು. ಈ ಒಂಬತ್ತು ವರ್ಷಗಳಲ್ಲಿ ಆ ದಿನದ ಬಗ್ಗೆ ಅವರು ನಮ್ಮೊಡನೆ ಆಡಿದ ಮಾತು ಅದೊಂದೇ.

ಮರುದಿನ ಹಿಂದಿರುಗಿದ್ದು ಕರ್ನೂಲಿನ ಹಾದಿಯಲ್ಲಿ, ಮೋಟಾರಿನಲ್ಲಿ. ದೋರ್ನಾಲದವರೆಗೆ ತಾಯಿಯವರು ಬಾಯಿಗೆ ಲಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿದ್ದರು. ಏಜೆಂಟನಿಂದ ಅಳಿಯಂದಿರಿಗೆ ಸಾವಿರದ ಐನೂರು ಮರಳಿ ಬಂದುದು ಎರಡು ತಿಂಗಳ ಮೇಲೆ, ಹನ್ನೊಂದು ಫೋನುಗಳ ನಂತರ. ಏನೇನು ಕೊಡುತ್ತೇನೆಂದು ಅವನು ಬರೆದು ಕಳಿಸಿದ್ದ ಸಂದೇಶವನ್ನು ಮಗಳು ಅಳಿಸದೆ ಇಟ್ಟುಕೊಂಡಿದ್ದುದರಿಂದ ಅಷ್ಟಾದರೂ ಬಂದಿತು. ಮಾತಿನಲ್ಲಿ ಒಪ್ಪಿಕೊಂಡ ಸೇವೆಗೆ ಹಣ ಕೊಡುವವರು ಇದನ್ನು ನೆನಪಿನಲ್ಲಿಡಬೇಕು.

ಪಾತಾಳಗಂಗೆಯಲ್ಲಿ ಲಾಂಚು ಇಳಿಯುವ ಮುನ್ನ ತಾಯಿಯವರು ಆ ಕೆಲಸಗಾರನಿಂದ ಒಂದು ಸಣ್ಣ ತಂಬಿಗೆಯಲ್ಲಿ ನೀರು ತುಂಬಿಸಿಕೊಂಡಿದ್ದರು. ಅದರ ಬಾಯಿಗೆ ಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಬಂದರು. ಮುಂದಿನ ಸೋಮವಾರ ನಮ್ಮನ್ನು ಆಲಂಪುರಕ್ಕೆ ಕರೆದೊಯ್ಯೆಂದರು. ಕೂಡವೆಲ್ಲಿಯಿಂದ ಕಲ್ಲು ತಂದು ಕಟ್ಟಿದ ಆ ಗುಡಿಯಲ್ಲಿ ಅಂದು ನಮ್ಮ ಹೊರತು ಯಾರೂ ಇರಲಿಲ್ಲ, ಸಾಲೂ ಇರಲಿಲ್ಲ. ಅರ್ಚಕರು ತಂಬಿಗೆ ತೆಗೆದುಕೊಂಡು ಸಂಗಮೇಶ್ವರನ ಮೇಲೆ ನೀರು ಹೊಯ್ದರು. ತಾಯಿಯವರು ಬಾಗಿಲ ಕಲ್ಲಿನ ಮೇಲೆ ಕೈಯಿಟ್ಟು ಒಂದು ಕಡೆ ತಡವಿದರು. ಅಲ್ಲಿ ತಮ್ಮ ಅಣ್ಣ ಹುಡುಗನಾಗಿದ್ದಾಗ ಮೊಳೆಯಿಂದ ಕೆತ್ತಿದ ಗೆರೆಯೊಂದಿರಬೇಕು, ಕಲ್ಲನ್ನು ತಿರುವಿ ಕೂಡಿಸಿದ್ದಾರೋ ಏನೋ ಎಂದು ಹುಡುಕುತ್ತಿದ್ದರು.